ಬೋಪಣ್ಣನ ಟ್ರಂಕು

ಘಾಜಿಯಾಬಾದಿನ ಆ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಪೂವಮ್ಮನ ಮನೆಗೆ ಬಂದವರು ಮೊದಲು ಜಾರುತ್ತಿದ್ದರು, ಆಮೇಲೆ ನಮಸ್ಕಾರ ಹೇಳುತ್ತಿದ್ದರು. ನೆಲಕ್ಕೆ ಅವಳು ತಿಕ್ಕುತ್ತಿದ್ದ ಮೇಣದ ಪಾಲಿಶ್ ಅಂಥದ್ದು. ಮಿಲಿಟರಿ ಕ್ವಾರ್ಟರ್ಸಿನಲ್ಲಿ ಹತ್ತಿದ ಶನಿವಾರದ ಅಭ್ಯಾಸ ಅದು. ಗಂಡ ಸುಬೇದಾರ್ ಬೋಪಣ್ಣ ಬಗ್ಗಿ ನೋಡಿ, ನೆಲದಲ್ಲಿ ತನ್ನ ಮೀಸೆ ಕಂಡರೆ ಮಾತ್ರ ‘ಅಚ್ಛಾ’ ಅನ್ನುತ್ತಿದ್ದ. ತೊಂಬತ್ತೊಂಬತ್ತರಲ್ಲಿ ಗಡಿಯಿಂದ ಅವನ ಶವ ಬಂತು, ಹಿಂದೆಯೇ ಅವನ ಕಪ್ಪು ತಗಡಿನ ಟ್ರಂಕೂ ಬಂತು. ಮೀಸೆಯವನು ಹೋದರೂ ಪೂವಮ್ಮ ಪಾಲಿಶ್ ನಿಲ್ಲಿಸಲಿಲ್ಲ.

ಎರಡು ಸಾವಿರದ ಒಂದರ ಗಣರಾಜ್ಯೋತ್ಸವದ ಬೆಳಿಗ್ಗೆ ಅವಳು ಪರೇಡಿಗೆ ಕಾಯುತ್ತಾ ಟಿವಿ ಮುಂದೆ ಕೂತಿದ್ದಳು. ದೂರದ ಗುಜರಾತಿನಲ್ಲಿ ಭೂಮಿ ನಡುಗಿತು. ಇಲ್ಲಿ ಫ್ಯಾನು ತೂಗಾಡಿತು, ಗೋಡೆ ಪಕ್ಕದ ಟ್ರಂಕು ಯಾರೂ ಮುಟ್ಟದೆ ಸರ್ರನೆ ಗೇಣುದ್ದ ಅವಳ ಕುರ್ಚಿಯ ಕಡೆ ಸರಿದು ಬಂತು. ಪೂವಮ್ಮ ಹೆದರಿದಳು. ಆದರೂ, ಯಾರಿಗೂ ಹೇಳಿಕೊಳ್ಳಲಾರದಷ್ಟು ಸಂತೋಷವಾಯಿತು. ಅಂದಿನಿಂದ ಗತಿಸಿದ ಹಿರಿಯರಿಗೆ ಮೀದಿಯ ಎಡೆ ಇಡುವಾಗ ಬೋಪಣ್ಣನ ಎಲೆಯನ್ನು ಟ್ರಂಕಿನ ಮೇಲೇ ಇಟ್ಟು, ಕೋಳಿ ಸಾರು, ಕಡಂಬುಟ್ಟು, ಒಂದು ಗುಟುಕು ರಮ್ಮು ಬಡಿಸತೊಡಗಿದಳು.

ದಿಲ್ಲಿಯ ಹೌಜ್ ಖಾಸ್ ಹತ್ತಿರ ಎಂಜಿನಿಯರಿಂಗ್ ಓದುತ್ತಿದ್ದ ಮಗಳು ಅಕ್ಷಿತಾಗೆ ಇದು ಹಿಡಿಸಲಿಲ್ಲ.

“ಅವ್ವ, ಎಲ್ಲಾ ನಿನ್ನ ಪಾಲಿಶ್ ಕೆಲಸ! ನೆಲಕ್ಕೆ ಹಿಡಿತ, ಅಂದರೆ ಘರ್ಷಣೆ, ಇಲ್ಲ. ಮೇಲಾಗಿ ಈ ಕಡೆ ಸ್ವಲ್ಪ ಇಳಿಜಾರು. ಅಲುಗಿದರೆ ಜಾರುತ್ತೆ, ಅಷ್ಟೇ. ಜೋರಾಗಿ ಅಲುಗಿದರೆ ನಿನ್ನ ಕಾಲೇ ಮುರಿಯುತ್ತೆ.”

ಹೀಗೆ ಹೇಳಿ ಟ್ರಂಕಿನ ಅಡಿಗೆ ಹಳೆ ಟಯರಿನ ರಬ್ಬರ್ ತುಂಡು ಕೊಟ್ಟಳು.

ಎರಡು ಸಾವಿರದ ಐದರ ಅಕ್ಟೋಬರ್. ಕಾಶ್ಮೀರ ನಡುಗಿದ ಬೆಳಿಗ್ಗೆ ಇಡೀ ಕಟ್ಟಡ ಎದ್ದು ಬಿದ್ದು ಮೆಟ್ಟಿಲಿಳಿಯಿತು. ಪೂವಮ್ಮ ಮಾತ್ರ ಟ್ರಂಕಿನ ಎದುರು ನಿಂತುಬಿಟ್ಟಳು.

“ಅವ್ವ, ಚಲೋ! ಬಾ!”

“ಇರು. ನಿನ್ನಪ್ಪ ಬರ್ತಾರೆ.”

ಶೆಲ್ಫಿನ ಲೋಟಗಳು ಅಂಚಿಗೆ ಸರಿದು ಉರುಳಿದವು, ಫೋಟೋ ಓರೆಯಾಯಿತು, ಕುರ್ಚಿ ಕೂಡ ಕದಲಿತು. ಮನೆಯಲ್ಲಿ ಎಲ್ಲವೂ ಅಲ್ಲಾಡಿತು, ಅವನೊಬ್ಬನನ್ನು ಬಿಟ್ಟು. ಅಕ್ಷಿತಾ ತಾಯಿಯನ್ನು ಬಿಟ್ಟು ಇಳಿಯಲಾರದೆ ಹೊಸಿಲಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಎಲ್ಲ ನಿಂತ ಮೇಲೆ ಪೂವಮ್ಮ ನೆಲಕ್ಕೆ ಕುಸಿದಳು. “ಕಟ್ಟಿಹಾಕಿಬಿಟ್ಟೆಯಲ್ಲೇ ಅವರನ್ನ!”

“ಅಪ್ಪ ಹೋದರು ಅವ್ವ!” ಅಕ್ಷಿತಾ ಕಿರುಚಿದಳು. “ನೀನೂ ಹೋಗಿದ್ದರೆ ನನಗೆ ಯಾರು?”

ಪೂವಮ್ಮ ಆಗಲೇ ಟ್ರಂಕಿನಿಂದ ಕಣ್ಣು ತೆಗೆದು ಮಗಳನ್ನು ನೋಡಿದ್ದು. ಹುಡುಗಿಯ ಮುಖ ಸುಣ್ಣದಂತೆ ಬಿಳಿಚಿತ್ತು.

“ಪಾಲಿಶೇ ಅಂತ ನನಗೂ ಗೊತ್ತು ಮಗಳೇ,” ಎಂದಳು ಮೆಲ್ಲಗೆ. “ನಾನು ತಿಕ್ಕಿದ ನೆಲದ ಮೇಲೆ ತಾನೇ ಅವರು ಬರ್ತಿದ್ದದ್ದು?”

ಮುಂದಿನ ಶನಿವಾರ ಅಕ್ಷಿತಾ ತಾನೇ ಟ್ರಂಕು ಎತ್ತಿ ರಬ್ಬರ್ ಕಿತ್ತು ಎಸೆದಳು. ಕುರ್ಚಿಯನ್ನು ದೂರದ ಗೋಡೆಗೆ ಸರಿಸಿದಳು. ಇನ್ನೊಮ್ಮೆ ಅಲುಗಿದರೆ ಮೊದಲು ಕೆಳಗೆ ಓಡಬೇಕು ಎಂದು ತಾಯಿಯ ಕೈಯಿಂದ ತನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಳು.

ಮುಂದೊಂದು ದಿನ ಮತ್ತೆ ಅಲುಗಿತು. ಪೂವಮ್ಮ ಆಣೆ ಮುರಿಯಲಿಲ್ಲ. ಜನರ ನಡುವೆ ನಿಂತು ಮಗಳ ಕೈ ಹಿಡಿದು ಮೇಲಿನ ಕಿಟಕಿಯನ್ನೇ ನೋಡುತ್ತಿದ್ದಳು. ಎಲ್ಲರೂ ಮರಳಿ ಹತ್ತುವಾಗ ಆ ಕೈ ಬಿಡಿಸಿಕೊಂಡು ಮುಂದೆ ಓಡಿದವಳು ಅಕ್ಷಿತಾ. ಪೂವಮ್ಮ ಏದುಸಿರು ಬಿಡುತ್ತಾ ಬಾಗಿಲಿಗೆ ಬರುವಷ್ಟರಲ್ಲಿ ಅವಳು ಟ್ರಂಕಿನ ಪಕ್ಕ ಮಂಡಿಯೂರಿ, ನೆಲದ ಮೇಲೆ ಬೆರಳಿಟ್ಟು ಅಳೆಯುತ್ತಿದ್ದಳು.

“ಅವ್ವ,” ಎಂದಳು, “ಎರಡು ಬೆರಳು ಬಂದಿದ್ದಾರೆ.”