ಕಡಿದದ್ದೋ, ಟಂಕಸಾಲೆಯದ್ದೋ

ಉದ್ಯಾವರದ ಖೈರುನ್ನಿಸಾ ಓದಿದ್ದು ಏಳನೆಯ ತರಗತಿಯವರೆಗೆ. ಗಂಡನ ದಿನಸಿ ಅಂಗಡಿಯಲ್ಲಿ ಮೂವತ್ತು ವರ್ಷ ಚಿಲ್ಲರೆ ಬೇರ್ಪಡಿಸುತ್ತ, ಟಂಕಸಾಲೆಯಲ್ಲಿ ತಪ್ಪಾಗಿ ತಯಾರಾದ ನಾಣ್ಯಗಳನ್ನು ಗುರುತಿಸುವುದನ್ನು ತಾವೇ ಕಲಿತರು. ಕಾಪುವಿನಿಂದ ಕಾರ್ಕಳದವರೆಗಿನ ಸಂಗ್ರಾಹಕರು ಸಂಶಯ ಬಂದರೆ ಅವರಲ್ಲಿಗೇ ಹೋಗುತ್ತಾರೆ. ಪರೀಕ್ಷಿಸಿದ್ದಕ್ಕೆ ಅವರು ಹಣ ಪಡೆಯುವುದಿಲ್ಲ. ಮೊಬೈಲಿನ ಚಿತ್ರ ನೋಡಿ ಅಸಲಿಯೋ ಅಲ್ಲವೋ ಹೇಳುವುದಿಲ್ಲ. ಈ ಎರಡನೆಯ ನಿಯಮವನ್ನು ಒಮ್ಮೆ ಮುರಿದರು. ಅದರ ಫಲ ಅಂಗಡಿಗೆ ಬಂದ ದಿನ ನಾನು ಅಲ್ಲಿದ್ದೆ.

ಬೆಳಿಗ್ಗೆ ಹತ್ತೂವರೆ. ಸಫ್ರಾಝ್ ಎಂಬ ಯುವ ಸಂಗ್ರಾಹಕ ಒಂದು ರೂಪಾಯಿಯ ಹಳೆಯ ನಾಣ್ಯವನ್ನು ಮೇಜಿನ ಮೇಲಿಟ್ಟ. ಅಂಚಿನಲ್ಲಿ ಅರ್ಧಚಂದ್ರದಷ್ಟು ಭಾಗ ಇರಲಿಲ್ಲ. ಹಿಂದೆ ನಿಂತಿದ್ದವಳು ಅದನ್ನು ಮಾರಿದ ಹುಲಿಗೆವ್ವ, ಕೊಪ್ಪಳದ ಕಡೆಯವಳು. ಮಣಿಪಾಲದಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಮಣ್ಣಿನಲ್ಲಿ ಅವಳಿಗೆ ಅದು ಸಿಕ್ಕಿತ್ತು. ಅವಳ ಗಂಡ ಹೊಳೆಪ್ಪ ಅಲ್ಲಿಯೇ ಗೇಟು, ಗ್ರಿಲ್ಲು ಮಾಡುವ ಶೆಡ್ಡಿನಲ್ಲಿ ಕಬ್ಬಿಣ ಕತ್ತರಿಸುತ್ತಾನೆ. ವಾಸವೂ ಶೆಡ್ಡಿನ ಹಿಂದಿನ ಕೋಣೆಯಲ್ಲಿ.

ಸಫ್ರಾಝ್ ಬ್ಯಾರಿ ಭಾಷೆಯಲ್ಲಿ ಶುರುಮಾಡಿದ.

"ಕನ್ನಡದಲ್ಲಿ ಹೇಳು. ಅವಳಿಗೂ ತಿಳಿಯಲಿ," ಎಂದರು ಖೈರುನ್ನಿಸಾ.

"ಮಾಮಿ, ನೀವು ಫೋಟೋ ನೋಡಿ ಅಸಲಿ ಅಂದಿರಿ, ನಾನು ತೆಗೆದುಕೊಂಡೆ. ಕಾರ್ಕಳದ ಸಂಗ್ರಾಹಕರು ನೋಡಿ ನಗುತ್ತಾರೆ. ಕಡಿದ ಜಾಗ ಹೊಸದಾಗಿ ಹೊಳೆಯುತ್ತದೆ, ಮೆಷಿನಿನ ಕೆಲಸ ಅಂತ. ಇವಳ ಗಂಡನ ಕೈಯಲ್ಲಿ ಮೆಷಿನು ಉಂಟಲ್ವಾ? ಶೆಡ್ಡಿನ ಮಾಲೀಕರಿಗೆ ಹೇಳಿದ್ದೇನೆ."

"ಹನ್ನೆರಡರೊಳಗ ಈ ಅಕ್ಕಾರ ಮಾತು ತರ್ರಿ, ಇಲ್ಲಂದ್ರ ಖೋಲಿ ಬಿಡ್ರಿ ಅಂದಾರ," ಎಂದಳು ಹುಲಿಗೆವ್ವ. "ನಾವು ಕಡಿದಿಲ್ರಿ."

ಖೈರುನ್ನಿಸಾ ಭೂತಕನ್ನಡಿ ಹಿಡಿದರು. ಕಡಿದ ಜಾಗವನ್ನು ನೋಡಲಿಲ್ಲ. ಅದಕ್ಕೆ ನೇರ ಎದುರಿನ ಅಂಚನ್ನು ನೋಡಿದರು. ಕಾರಣ ಸರಳ. ಲೋಹದ ತಗಡಿನಿಂದ ಬಿಲ್ಲೆ ಕತ್ತರಿಸುವಾಗ ತಗಡು ಸರಿಯಾಗಿ ಮುಂದೆ ಸರಿಯದಿದ್ದರೆ ಹಿಂದಿನ ಬಿಲ್ಲೆಯ ತೂತು ಹೊಸ ಬಿಲ್ಲೆಯ ಒಂದು ಪಾಲನ್ನು ತಿನ್ನುತ್ತದೆ. ಆಮೇಲೆ ಅಂಚು ಎಬ್ಬಿಸುವ ಯಂತ್ರದ ಒತ್ತಡ ಎದುರು ಬದಿಗೆ ಸಾಕಷ್ಟು ಬೀಳದೆ, ಅಲ್ಲಿ ಅಂಚು ಮಸುಕಾಗುತ್ತದೆ. ಮೆಷಿನಿನಲ್ಲಿ ಕಡಿದರೆ ಎದುರಿನ ಅಂಚಿಗೆ ಏನೂ ಆಗುವುದಿಲ್ಲ.

"ಮಸುಕಾಗಿದೆ," ಎಂದರು.

ಹುಲಿಗೆವ್ವ ಉಸಿರು ಬಿಟ್ಟಳು.

"ನಿಲ್ಲು. ಇದನ್ನು ಉಜ್ಜಿದೆಯಾ?"

"ಹೌದ್ರಿ. ಮಣ್ಣು ಹತ್ತಿತ್ತು. ದೇವರ ಮುಂದ ಇಡಬೇಕಂತ ಹುಣಸಿಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕೀನಿ. ಹಿತ್ತಾಳಿ ದೀಪ ತಿಕ್ಕಿದಂಗ."

"ನೋಡಿ ಮಾಮಿ," ಎಂದ ಸಫ್ರಾಝ್. "ಉಜ್ಜಿ ಉಜ್ಜಿಯೇ ಅಂಚು ಸವೆದಿರಬಹುದಲ್ಲ? ನಿಮ್ಮ ಮಾತು ಉಳಿಸಲು ಅಸಲಿ ಎನ್ನಬೇಡಿ."

ಮಾತು ಒರಟಾದರೂ ತಪ್ಪಿರಲಿಲ್ಲ. ಖೈರುನ್ನಿಸಾರ ಹೆಸರಿನ ಮರ್ಯಾದೆಯೂ ಅದೇ ನಾಣ್ಯದ ಮೇಲೆ ನಿಂತಿತ್ತು. ಅವರು ನಾಣ್ಯವನ್ನು ಬಾಗಿಲಿನ ಬಿಸಿಲಿಗೆ ಒಯ್ದು ಸುತ್ತಲೂ ತಿರುಗಿಸಿದರು. ಹನ್ನೊಂದೂ ಕಾಲಾಯಿತು. ಹುಲಿಗೆವ್ವ ಗಡಿಯಾರ ನೋಡುವುದನ್ನು ಬಿಟ್ಟು ನೆಲ ನೋಡುತ್ತಿದ್ದಳು.

"ಉಜ್ಜಿದ ಗೀರು ಸುತ್ತಲೂ ಒಂದೇ ಸಮ ಉಂಟು. ಉಜ್ಜಿ ಸವೆದಿದ್ದರೆ ಸುತ್ತಲೂ ಸವೆಯಬೇಕಿತ್ತು, ಎದುರಿನ ಇಷ್ಟು ಅಂಚು ಮಾತ್ರ ಅಲ್ಲ. ಈಗ ನೀನೇ ಇಲ್ಲಿ ನೋಡು. ಅಂಚು ಇಲ್ಲದ ಈ ಹಳ್ಳದ ಪಕ್ಕದ ಅಕ್ಷರ."

ಸಫ್ರಾಝ್ ಕನ್ನಡಿಗೆ ಕಣ್ಣಿಟ್ಟ.

"ಎಂತ ಕಾಣುತ್ತದೆ?"

"ಅಕ್ಷರ ಹಳ್ಳದ ಕಡೆಗೆ ಎಳೆದ ಹಾಗೆ ಉಂಟು."

"ಅಚ್ಚು ಬೀಳುವಾಗಲೇ ಅಲ್ಲಿ ಲೋಹ ಇರಲಿಲ್ಲ, ಅದಕ್ಕೆ ಆ ಕಡೆಗೆ ಹರಿದಿದೆ. ಆಮೇಲೆ ಕಡಿದಿದ್ದರೆ ಅಕ್ಷರ ತುಂಡಾಗುತ್ತಿತ್ತು, ಎಳೆಯುತ್ತಿರಲಿಲ್ಲ. ಇದು ಟಂಕಸಾಲೆಯ ತಪ್ಪು. ಹೊಳಪು ಹುಣಸೆಹುಳಿಯದ್ದು."

ಅವನು ಬಹಳ ಹೊತ್ತು ನೋಡಿದ. "ಸರಿ. ಆದರೆ ಉಜ್ಜಿದ ನಾಣ್ಯಕ್ಕೆ ಅರ್ಧ ಬೆಲೆಯೂ ಇಲ್ಲ. ನನ್ನ ನಷ್ಟ?"

"ಅದು ನಿನ್ನದು. ಫೋಟೋ ನೋಡಿ ಹೇಳಿದವಳು ನಾನು, ಕೊಂಡವನು ನೀನು. ಅವಳು ಯಾರಿಗೂ ಎಂತದೂ ಮುಚ್ಚಿಡಲಿಲ್ಲ. ಮಾಲೀಕರಿಗೆ ಫೋನು ಮಾಡು, ನಮ್ಮ ಎದುರೇ."

ಸಫ್ರಾಝ್ ಮಾಡಿದ. ತಾನು ಹೇಳಿದ್ದು ತಪ್ಪು, ನಾಣ್ಯ ಅಸಲಿ ಎಂದ. ಆಚೆಯಿಂದ ಬಂದದ್ದು ಇಷ್ಟೇ: "ಹಾಗಾದರೆ ಹೊಳೆಪ್ಪ ಊಟ ಮಾಡಿ ಕೆಲಸಕ್ಕೆ ಬರಲಿ."

ಹುಲಿಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾನು ಮೊದಲೇ ಕೈಯಲ್ಲಿ ಹಿಡಿದು ನೋಡಿದ್ದರೆ ನಿನಗೆ ಈ ಕಷ್ಟ ಬರುತ್ತಿರಲಿಲ್ಲ," ಎಂದರು ಖೈರುನ್ನಿಸಾ.

"ಹೌದ್ರಿ. ನೋಡಬೇಕಿತ್ರಿ," ಎಂದು ಅವಳು ಬಸ್ಸಿಗೆ ಹೊರಟಳು.