ಖಾಲಿ ಜಾಗ ತಿನ್ನುವ ಕಂಪ್ಯೂಟರು

ಈಗಷ್ಟೇ ಬೆಳಕು ಹರಿಯುತ್ತಿದೆ. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಮೊಳೆಯಕ್ಕ ಕಂಪ್ಯೂಟರಿನ ಮುಂದೆ ಕೂತು ಒಂದೇ ಗುಂಡಿಯನ್ನು ಒತ್ತುತ್ತಲೇ ಇದ್ದಾರೆ. ಅದು ಅಕ್ಷರದ ಗುಂಡಿಯಲ್ಲ, ಖಾಲಿ ಜಾಗ ಬಿಡುವ ಉದ್ದನೆಯ ಗುಂಡಿ. ಪದ್ಯದ ಎರಡನೆಯ ಸಾಲು ತುಸು ಒಳಗಿನಿಂದ ಶುರುವಾಗಬೇಕು. ಅಚ್ಚಿಗೆ ಹೋಗುವ ಪುಟ ತೆರೆದು ನೋಡಿದರೆ ಸಾಲುಗಳೆಲ್ಲ ಎಡಗಡೆ ಬಂದು ಒಂದಕ್ಕೊಂದು ಅಂಟಿಕೊಂಡಿವೆ.

“ಈಗ ತಾನೇ ಇಟ್ಟಿದ್ದೆ ಕಣ್ರೀ, ಎಲ್ಲಿ ಹೋಯ್ತು?” ಎಂದು ಪರದೆಯ ಹಿಂಭಾಗಕ್ಕೆ ಇಣುಕುತ್ತಾರೆ.

ನಗಬೇಡಿ. ಹರೆಯದಿಂದಲೂ ಅವರು ಸೀಸದ ಅಚ್ಚುಮೊಳೆಗಳನ್ನು ಕೈಯಲ್ಲಿ ಜೋಡಿಸಿದವರು. ಅಡ್ಡಹೆಸರು ಬಂದದ್ದೂ ಹಾಗೆಯೇ. ಆ ಕೆಲಸದಲ್ಲಿ ಖಾಲಿ ಜಾಗವೂ ಒಂದು ವಸ್ತು. ಅಕ್ಷರವಿಲ್ಲದ ಸೀಸದ ತುಂಡುಗಳನ್ನು ಒತ್ತೊತ್ತಾಗಿ ಇಟ್ಟರಷ್ಟೇ ಸಾಲು ಅಲುಗಾಡದೆ ನಿಲ್ಲುತ್ತಿತ್ತು. ಈಗ ಮೊಳೆಗಳೆಲ್ಲ ಗುಜರಿ ಸೇರಿವೆ. ಮುದ್ರಣಾಲಯದ ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ: ಈ ಪುಟ ಇವತ್ತು ಸಂಜೆಯೊಳಗೆ ಕಂಪ್ಯೂಟರಿನಲ್ಲಿ ಸಿದ್ಧವಾದರೆ ಅಕ್ಕನ ಕುರ್ಚಿ ಅಕ್ಕನದೇ. ಇಲ್ಲದಿದ್ದರೆ ಕೆಲಸ ಹೊರಗಿನವರಿಗೆ, ಅಕ್ಕ ಮನೆಗೆ.

ತನ್ನ ಕೆಲಸಕ್ಕೆ ಹೋಗುವ ಮುಂಚೆ ಸೊಸೆ ಇಲ್ಲಿಗೆ ಬಂದು ಪಾಠ ಹೇಳುತ್ತಾಳೆ.

“ಅತ್ತೆ, ನೀವು ಎಷ್ಟು ಸಲ ಒತ್ತಿದ್ರೂ ಇದು ಒಂದೇ ಅಂತ ಲೆಕ್ಕ ಹಿಡಿಯುತ್ತೆ. ಜಾಗ ಬೇಕಂದ್ರೆ ಆಜ್ಞೆ ಬರೀಬೇಕು.”

“ಯಾರಿಗೆ?”

“ಇದಕ್ಕೇ.”

“ನಿಮ್ಮ ಮಾವನಿಗೇ ಆಜ್ಞೆ ಮಾಡಿದವಳಲ್ಲ ನಾನು!”

ಸೊಸೆ ಆಜ್ಞೆಯನ್ನು ಬ್ರಾಕೆಟ್ಟಿನೊಳಗೆ ಬರೆದು ತೋರಿಸಿ ಹೊರಡುತ್ತಾಳೆ. ಅಕ್ಕ ನೋಡಿಕೊಂಡು ಬರೆಯುತ್ತಾರೆ. ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು. ಎಲ್ಲೋ ಒಂದು ಬ್ರಾಕೆಟ್ಟು ಮುಚ್ಚಿಲ್ಲವಂತೆ. ಕಂಪ್ಯೂಟರು ಬೆರಳು ತೋರಿಸುವುದು ಪುಟದ ಕೊನೆಯ ಸಾಲಿಗೆ. ಅಲ್ಲಿ ಬ್ರಾಕೆಟ್ಟೇ ಇಲ್ಲ. ಮಧ್ಯಾಹ್ನದವರೆಗೆ ಹುಡುಕಿದರೆ ತಪ್ಪು ಸಿಗುವುದು ಎರಡನೆಯ ಸಾಲಿನಲ್ಲಿ.

“ಮೇಲೆ ತಪ್ಪು ಮಾಡಿದ್ರೆ ಕೆಳಗೆ ಬೈಯುತ್ತಲ್ಲ, ಇದ್ಯಾವ ನ್ಯಾಯ?” ಅಕ್ಕನ ತಲೆ ಗಿರ್ರೆನ್ನುತ್ತದೆ. ಕಣ್ಣು ತುಂಬಿ ಬರುತ್ತದೆ. “ಮನೆಗೆ ಹೋಗಿ ಏನ್ ಮಾಡ್ಲಿ ಹೇಳಿ? ನಂಗೆ ಬೇರೆ ಏನೂ ಬರಲ್ಲ.”

ಬ್ರಾಕೆಟ್ಟು ಮುಚ್ಚುತ್ತಾರೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಸಂಜೆ ಪ್ರಿಂಟರಿನಿಂದ ಪುಟ ಹೊರಬರುತ್ತದೆ. ಎರಡನೆಯ ಸಾಲು ಒಳಗೆ ಸರಿದು, ತನ್ನ ಜಾಗದಲ್ಲಿ ನಿಂತಿದೆ. ಯಜಮಾನರು ಕನ್ನಡಕ ಏರಿಸಿ ನೋಡಿ, ಮುಂದಿನ ಪದ್ಯದ ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟು ಹೋಗುತ್ತಾರೆ.

ಹೇಗೆ ಬಂತು ಎಂದು ಕೇಳಿದರೆ ಅಕ್ಕ ತಲೆಯಾಡಿಸುತ್ತಾರೆ. “ಅದೊಂದ್ ಮಾತ್ರ ಕೇಳ್ಬೇಡಿ, ನಂಗಿನ್ನೂ ತಿಳಿದಿಲ್ಲ.” ಹಳೆಯ ಅಭ್ಯಾಸದಂತೆ ಸಾಲು ಶುರುವಾಗುವ ಮೊದಲಿನ ಬಿಳಿ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತಾರೆ. “ಆದ್ರೆ ಇಲ್ಲಿ ಏನೂ ಇಲ್ವಲ್ಲ, ಅದು ನಾನು ಬರೆದದ್ದು.”