ಅಗಲಿದವರ ಪುಟ ಬರೆಯುತ್ತಿದ್ದ ದೊಡ್ಡಮ್ಮ

ನಮ್ಮ ದೊಡ್ಡಮ್ಮ, ಅಂದರೆ ನನ್ನ ತಾಯಿಯ ಅಕ್ಕ, ಜೀವಮಾನವೆಲ್ಲ ಕನ್ನಡಕದ ಅಂಗಡಿ ನಡೆಸಿದವಳು. ತನಗೇ ಮಾರುದ್ದದ ಆಚೆಗೆ ಕಾಣುತ್ತಿರಲಿಲ್ಲ. ಕಾಲೇಜಿನಲ್ಲಿ ಸೀಸೆಯ ತಳದಂಥ ಗಾಜುಗಳನ್ನು ಮೂಗಿನ ಮೇಲೆ ಹೊತ್ತು ಮೊದಲ ಬೆಂಚಿನಲ್ಲಿ ಕೂರುತ್ತಿದ್ದುದರಿಂದ ಸಹಪಾಠಿಗಳು ಅವಳಿಗೆ ‘ದುರ್ಬೀನು’ ಎಂದು ಹೆಸರಿಟ್ಟಿದ್ದರು. ತಲೆ ಪೂರ್ತಿ ಬೆಳ್ಳಗಾದ ಮೇಲೂ ಹಳೆಯ ಗೆಳತಿಯರು ಫೋನು ಮಾಡಿ “ದುರ್ಬೀನು ಇದಾಳಾ?” ಎಂದೇ ಕೇಳುತ್ತಿದ್ದರು. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೆದಕಿದರೆ, “ಬಂದ ಗಂಡುಗಳನ್ನ ಕನ್ನಡಕ ಹಾಕ್ಕೊಂಡು ನೋಡ್ಬಿಟ್ಟೆ, ಅದೇ ತಪ್ಪಾಯ್ತು” ಎನ್ನುತ್ತಿದ್ದಳು.

ಅವಳು ಓದಿದ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘ ವರ್ಷಕ್ಕೊಂದು ಸಂಚಿಕೆ ತರುತ್ತಿತ್ತು. ಅದರ ಕೊನೆಯ ಪುಟಗಳು ಆ ವರ್ಷ ತೀರಿಕೊಂಡವರಿಗೆ ಮೀಸಲು. ಒಂದು ಹೆಸರು, ಒಂದು ಹುದ್ದೆ, ಕೆಳಗೆ ‘ಆತ್ಮಕ್ಕೆ ಶಾಂತಿ ಸಿಗಲಿ’. ಒಂದು ವರ್ಷ ಅದನ್ನು ಓದಿದ ದೊಡ್ಡಮ್ಮ ಸಂಘದ ಕಾರ್ಯದರ್ಶಿಗೆ, ಅವರು ನಿವೃತ್ತ ಗಣಿತದ ಮೇಷ್ಟ್ರು, ಫೋನು ಮಾಡಿ ರೇಗಿದಳು. “ಇದೇನ್ ಸಾರ್, ಮನುಷ್ಯ ಸತ್ತಿದಾನೋ ಕುರ್ಚಿ ಸತ್ತಿದೆಯೋ?”

“ಅಷ್ಟು ನೋವಾದ್ರೆ ನೀವೇ ಬರೀರಮ್ಮ” ಎಂದರು ಮೇಷ್ಟ್ರು.

ಹೀಗೆ ಮಾತು ಆಡಿ ಹೊರೆ ಹೊತ್ತುಕೊಂಡಳು. ಅಂದಿನಿಂದ ಯಾರು ತೀರಿಕೊಂಡರೂ ಅವರ ಮನೆಗೆ ಹೋಗುತ್ತಿದ್ದಳು. ಅವಳ ಮಂಡಿ ಕೈಕೊಟ್ಟ ಮೇಲೆ ಜೊತೆಗೆ ನಾನೂ ಹೋಗತೊಡಗಿದೆ. ಡಿಗ್ರಿ, ಬಡ್ತಿ, ಬಹುಮಾನ ಏನನ್ನೂ ಅವಳು ಕೇಳುತ್ತಿರಲಿಲ್ಲ. “ಬೆಳಿಗ್ಗೆ ಎದ್ದ ತಕ್ಷಣ ಏನ್ ಮಾಡ್ತಿದ್ರು? ಯಾವುದಕ್ಕೆ ಸಿಟ್ಟು ಬರ್ತಿತ್ತು? ಒಬ್ರೇ ಇದ್ದಾಗ ಏನ್ ಗುನುಗ್ತಿದ್ರು?” ಮನೆಯವರು ಮೊದಲು ಕಣ್ಣೊರೆಸಿಕೊಳ್ಳುವರು, ಆಮೇಲೆ ನಗುವರು, ನಕ್ಕದ್ದಕ್ಕೆ ನಾಚಿ ಮತ್ತೆ ಅಳುವರು. ದೊಡ್ಡ ನ್ಯಾಯಾಧೀಶರೊಬ್ಬರು ಮನೆಮಂದಿಯ ಕೂದಲನ್ನೆಲ್ಲ ತಾವೇ ಕತ್ತರಿಸುತ್ತಿದ್ದರು, ಯಾರ ತಲೆಯೂ ನೆಟ್ಟಗಿರುತ್ತಿರಲಿಲ್ಲ ಎಂಬುದು ಲೋಕಕ್ಕೆ ತಿಳಿದದ್ದು ಅವಳ ಪುಟದಿಂದ.

ಒಂದು ಮಧ್ಯಾಹ್ನ ಕಾರ್ಯದರ್ಶಿಗಳ ಫೋನು ಬಂದಾಗ ನಾನು ಅಂಗಡಿಯಲ್ಲೇ ಇದ್ದೆ. ದೊಡ್ಡಮ್ಮ “ಹ್ಞೂಂ” ಎಂದಳು, ಇನ್ನೊಮ್ಮೆ “ಹ್ಞೂಂ” ಎಂದಳು, ಫೋನು ಇಟ್ಟಳು. ಎದುರಿಗಿದ್ದ ಗಿರಾಕಿಗೆ ಅಳತೆ ತಪ್ಪು ಹೇಳಿದಳು. ಅವಳು ಅಳತೆ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಸಿಡಿಲಮರಿ ಹೋದ್ಲಂತೆ” ಎಂದಳು, ಗಿರಾಕಿ ಹೋದ ಮೇಲೆ.

ಸಿಡಿಲಮರಿ ಎಂಬ ಅಡ್ಡಹೆಸರಿನವಳು ಹಾಸ್ಟೆಲಿನಲ್ಲಿ ದೊಡ್ಡಮ್ಮನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿ. ಒಂದೇ ಬಾಚಣಿಗೆ, ಒಂದೇ ಪೆಟ್ಟಿಗೆಗೆ ಎರಡು ಬೀಗದ ಕೈ. ಆದರೆ ನನಗೆ ಬುದ್ಧಿ ಬಂದಾಗಿನಿಂದ ಅವರಿಬ್ಬರೂ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಯಾಕೆಂದು ಅವತ್ತು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅವಳೇ ಹೇಳಿದಳು.

ಎಷ್ಟೋ ವರ್ಷಗಳ ಹಿಂದೆ ಸಿಡಿಲಮರಿ ತನ್ನ ಚಿಕ್ಕ ಮಗನನ್ನು ಕನ್ನಡಕಕ್ಕೆಂದು ಅಂಗಡಿಗೆ ಕರೆತಂದಿದ್ದಳು. ಸಂಜೆಯಾದರೆ ಮೆಟ್ಟಿಲು ಎಡವುತ್ತಾನೆ, ಚೆಂಡು ಪಕ್ಕದಲ್ಲೇ ಬಿದ್ದರೂ ಕಾಣುವುದಿಲ್ಲ ಎಂದಳು. ದೊಡ್ಡಮ್ಮ ಒಂದಾದ ಮೇಲೊಂದು ಗಾಜು ಹಾಕಿ ನೋಡಿದಳು. ಯಾವ ಗಾಜೂ ಕೆಲಸಕ್ಕೆ ಬರಲಿಲ್ಲ. “ಇದು ಕನ್ನಡಕದಲ್ಲಿ ಹೋಗೋದಲ್ಲ ಕಣೇ. ಕಣ್ಣಿನ ಹಿಂದಿನ ಪರದೆನೇ ಸವೀತಿದೆ ಅನ್ಸುತ್ತೆ. ದೊಡ್ಡಾಸ್ಪತ್ರೆಗೆ ಹೋಗು. ಒಂದಿನ ಪೂರ್ತಿ ಕತ್ತಲಾದ್ರೂ ಆಗ್ಬಹುದು” ಎಂದುಬಿಟ್ಟಳು. ಹುಡುಗ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ.

ಸಿಡಿಲಮರಿ ಮಗನ ಕಿವಿ ಎರಡನ್ನೂ ಅಂಗೈಯಲ್ಲಿ ಮುಚ್ಚಿದಳಂತೆ. “ನಿನ್ನ ಬಾಯಿಗೆ ಮಣ್ಣು ಹಾಕ” ಎಂದು ಅವನನ್ನು ಎಳೆದುಕೊಂಡು ಹೋದವಳು ಮತ್ತೆ ಆ ಬೀದಿಗೇ ಕಾಲಿಡಲಿಲ್ಲ. ದೊಡ್ಡಮ್ಮ ಎರಡು ಸಲ ಅವಳ ಮನೆ ಬಾಗಿಲಿಗೆ ಹೋದಳು. ಬಾಗಿಲು ತೆರೆಯಲಿಲ್ಲ. ಹುಡುಗನ ಕಣ್ಣು ಕೊನೆಗೆ ಹೋಯಿತು ಎಂಬ ಸುದ್ದಿ ಮಾತ್ರ ಬಾಯಿಂದ ಬಾಯಿಗೆ ಬಂತು.

“ಬೇರೆ ಯಾರ ಕೈಲಾದ್ರೂ ಬರೆಸೋಣ ದೊಡ್ಡಮ್ಮ” ಎಂದೆ.

“ಬೇರೆಯವರಿಗೆ ಏನ್ ಗೊತ್ತು ಅವಳ ವಿಷಯ?” ಎಂದಳು. ಅರ್ಧ ಎಳೆದ ಬಾಗಿಲನ್ನು ಮತ್ತೆ ತೆರೆಯುತ್ತ, “ನಂಗಾದ್ರೂ ಏನ್ ಗೊತ್ತು” ಎಂದಳು.

ಮನೆ ಮೂರನೆಯ ಮಹಡಿಯಲ್ಲಿತ್ತು. ದೊಡ್ಡಮ್ಮ ಪ್ರತಿ ತಿರುವಿನಲ್ಲೂ ನಿಂತು, ಮಂಡಿಗೆ ಬೈದು, ಹತ್ತಿದಳು. ಬಾಗಿಲು ತೆರೆದವನು ಮಗನೇ. ನಲವತ್ತು ದಾಟಿದ ಆಳು, ಇಸ್ತ್ರಿ ಮಾಡಿದ ಅಂಗಿ, ವಕೀಲ. ತಂದೆ ಎಂದೋ ತೀರಿಕೊಂಡಿದ್ದರು; ತಾಯಿ ಮಗ ಇಬ್ಬರೇ ಇದ್ದರು. ದೊಡ್ಡಮ್ಮ ತಾನು ಯಾರೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ. “ಕನ್ನಡಕದ ಅಂಗಡಿ ಆಂಟಿ ಅಲ್ವಾ? ನೀವು ಬರ್ತೀರಿ ಅಂತ ಮೇಷ್ಟ್ರು ಹೇಳಿದ್ರು. ಏದುಸಿರು ಬಿಡೋವಾಗ್ಲೂ ಬೈಯೋರು ಅಮ್ಮನ ಗೆಳತಿಯರೇ ಆಗಿರ್ಬೇಕು. ಬನ್ನಿ.”

ಹಜಾರದ ಒಂದು ಗೋಡೆ ಪೂರ್ತಿ ಕ್ಯಾಸೆಟ್ಟುಗಳು. ಒಂದೊಂದರ ಬೆನ್ನಿಗೂ ಉಬ್ಬು ಚುಕ್ಕಿಗಳ ಬ್ರೈಲ್ ಪಟ್ಟಿ. ಅವನು ಕಾನೂನು ಓದುವಾಗ ಪಠ್ಯಪುಸ್ತಕಗಳನ್ನೆಲ್ಲ ತಾಯಿ ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿದ್ದಳಂತೆ. ಕಚೇರಿಯ ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಟ್ಟ ಕಾಲಲ್ಲೇ ಕೂತು ಓದುತ್ತಿದ್ದಳು. ಗಂಟಲು ಕಟ್ಟಿ ವೈದ್ಯರು ಮಾತಾಡಬೇಡ ಎಂದಾಗ ಪಿಸುಗುಟ್ಟುತ್ತ ಓದಿದಳಂತೆ. “ಆಸ್ತಿ ಕಾನೂನು ಪೂರ್ತಿ ಪಿಸುಮಾತಲ್ಲೇ ಇದೆ. ಕೇಳಿದ್ರೆ ಯಾರೋ ಗುಟ್ಟು ಹೇಳ್ತಿರೋ ಹಾಗಿರುತ್ತೆ” ಎಂದು ಅವನು ನಕ್ಕ. “ಒಂದು ಹಾಕ್ಲಾ?”

ಅವನು ಎದ್ದು ಬೆರಳಿನಿಂದ ಸವರಿ ಒಂದನ್ನು ತೆಗೆದು ಹಾಕಿದ. ಬಾಡಿಗೆದಾರರ ಹಕ್ಕುಗಳ ಬಗ್ಗೆ ಒಂದು ಹೆಣ್ಣುದನಿ ಗಡಿಬಿಡಿಯಿಂದ ಓದುತ್ತಿತ್ತು. ನಡುವೆ ಹಾಲು ಉಕ್ಕಿದ ಸದ್ದು, ಪಾತ್ರೆ ಕುಕ್ಕಿದ ಸದ್ದು. ಮತ್ತೆ ಅದೇ ದನಿ: “ಇದನ್ನ ಬರೆದೋನಿಗೆ ಪೂರ್ಣವಿರಾಮ ಅನ್ನೋದು ಒಂದಿದೆ ಅಂತ ಯಾರೂ ಹೇಳ್ಲಿಲ್ವಾ ಮಗಾ? ಉಸಿರು ಕಟ್ಟಿ ನಾನೇ ಸತ್ತೋಗ್ತೀನಿ ಮೊದ್ಲು.”

ದೊಡ್ಡಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅದಿಲ್ಲದೆ ಅವಳಿಗೆ ಎದುರಿಗಿದ್ದವನ ಮುಖವೂ ಮಸುಕು. ಇಬ್ಬರೂ ಕತ್ತು ವಾಲಿಸಿ, ಆ ದನಿ ಒಂದು ಬದಿ ಮುಗಿದು ಟಕ್ ಎನ್ನುವವರೆಗೆ ಕೇಳಿದರು.

“ಅವತ್ತು ನಿನ್ನ ಮುಂದೆ ಹಾಗೆ ಹೇಳ್ಬಾರ್ದಿತ್ತು ನಾನು” ಎಂದಳು ದೊಡ್ಡಮ್ಮ.

“ಹೇಳ್ಬಾರ್ದಿತ್ತು” ಎಂದ ಅವನು, ಸಮಾಧಾನವಾಗಿ. “ಆದ್ರೆ ಅಮ್ಮಂಗೆ ಮೊದ್ಲೇ ಗೊತ್ತಿತ್ತು ಆಂಟಿ. ನಿಮ್ಮ ಅಂಗಡಿಗೆ ಬರೋ ಮುಂಚೆನೇ ದೊಡ್ಡಾಸ್ಪತ್ರೆಗೆ ಹೋಗಿದ್ವಿ. ನೀವಾದ್ರೂ ಬೇರೆ ಮಾತು ಹೇಳ್ತೀರೇನೋ ಅಂತ ಬಂದಿದ್ಲು. ನೀವೂ ಅದನ್ನೇ ಅಂದ್ರಿ. ಸಿಟ್ಟಿಗೆ ಒಂದು ಜಾಗ ಬೇಕಲ್ಲ. ಡಾಕ್ಟ್ರ ಮೇಲೆ ಸಿಟ್ಟಾಗೋಕೆ ಅವರೇನು ಗೆಳೆಯರಾ?”

“ಕೊನೆಗಾದ್ರೂ ಕ್ಷಮಿಸಿದ್ಲಾ ನನ್ನ?”

“ಇಲ್ಲ” ಎಂದ. “ಸುಳ್ಳು ಯಾಕೆ ಹೇಳ್ಲಿ. ಆದ್ರೆ ಪ್ರತಿ ವರ್ಷ ನಿಮ್ಮ ಪುಟ ನಂಗೆ ಓದಿ ಹೇಳ್ತಿದ್ಲು. ‘ಈ ದುರ್ಬೀನು ಸತ್ತೋರನ್ನೆಲ್ಲ ದೇವರು ಮಾಡಿಬಿಡ್ತಾಳೆ, ಇವನು ಕಾಪಿ ಹೊಡೆದು ಪಾಸಾದೋನು’ ಅಂತ ಬೈಯೋಳು. ಮತ್ತೆ ಮುಂದಿಂದು ಓದೋಳು.”

ಇಳಿಯುವಾಗ ದೊಡ್ಡಮ್ಮ ಮಂಡಿಗೆ ಬೈಯಲಿಲ್ಲ. ಪಕ್ಕದ ಕಂಬಿ ಬಿಗಿಯಾಗಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು.

ಆ ಪುಟ ಬರೆಯಲು ಅವಳಿಗೆ ವಾರಗಳೇ ಹಿಡಿದವು. ಬರೆದದ್ದನ್ನು ಹರಿಯುವುದು, ಮತ್ತೆ ಬರೆಯುವುದು. ಕಡೆಗೆ ಬರೆದದ್ದರಲ್ಲಿ ಸಿಡಿಲಮರಿ ದೇವರಾಗಿರಲಿಲ್ಲ. ಅವಳ ಬಾಯಿ, ಅವಳ ಹಟ, ಪಿಸುಮಾತಿನ ಆಸ್ತಿ ಕಾನೂನು ಎಲ್ಲ ಇತ್ತು. ‘ಇದನ್ನು ಬರೆಯುತ್ತಿರುವವಳ ಮೇಲೆ ಆಕೆಗೆ ಸಾಯುವವರೆಗೂ ಸಿಟ್ಟಿತ್ತು, ಅದಕ್ಕೆ ಕಾರಣವೂ ಇತ್ತು’ ಎಂಬ ಸಾಲೂ ಇತ್ತು. ಕಾರ್ಯದರ್ಶಿ ಮೇಷ್ಟ್ರು ಗಾಬರಿಯಾದರು.

“ಅಮ್ಮಾ, ಸತ್ತೋರ ಬಗ್ಗೆ ಹೀಗೆಲ್ಲ ಬರೀಬಹುದಾ?”

“ಮಗನಿಗೆ ಓದಿ ಹೇಳಿದೀನಿ ಸಾರ್. ಅವನು ಒಪ್ಪಿದಾನೆ. ಒಂದಕ್ಷರ ತೆಗೆದ್ರೂ ಕೇಸು ಹಾಕ್ತಾನಂತೆ, ವಕೀಲ ಬೇರೆ.”

ಒಂದಕ್ಷರವೂ ಹೋಗಲಿಲ್ಲ. ಆ ವರ್ಷದ ಸಭೆಗೆ ಅವನೂ ಬಂದ. ಕಾಲೇಜಿನ ಹಳೆಯ ಸಭಾಂಗಣದಲ್ಲಿ ಅಗಲಿದವರ ಹೆಸರುಗಳನ್ನು ಓದಿ ಎಲ್ಲರೂ ಒಂದು ಗಳಿಗೆ ಎದ್ದು ನಿಂತರು. ಕೂತ ಮೇಲೆ, ಅವನು ಯಾರೆಂದು ತಿಳಿದು, ಮುದುಕಿಯರೆಲ್ಲ ಅವನ ಸುತ್ತ ಮುತ್ತಿಕೊಂಡರು. ನಿನ್ನಮ್ಮ ಹಾಗೆ ಮಾಡಿದ್ಲು, ಹೀಗೆ ಮಾಡಿದ್ಲು. ಅವನು ದನಿ ಬಂದ ಕಡೆಗೆಲ್ಲ ಮುಖ ತಿರುಗಿಸುತ್ತ ಕೂತಿದ್ದ. ತಾನು ಹುಟ್ಟುವ ಮುಂಚಿನ ತಾಯಿಯನ್ನು ಅವನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲಿರಬೇಕು.

ದೊಡ್ಡಮ್ಮ ಮಾತ್ರ ದೂರದ ಗೋಡೆಗೆ ಒರಗಿ ನಿಂತಿದ್ದಳು. ಯಾರೋ ಒಬ್ಬಾಕೆ, “ನೀರಿನ ಟ್ಯಾಂಕ್ ಕಥೆ ನಮಗ್ಯಾರಿಗೂ ಸರಿಯಾಗಿ ಗೊತ್ತಿಲ್ಲಪ್ಪ, ದುರ್ಬೀನೇ ಹೇಳ್ಬೇಕು” ಎಂದಳು.

“ಆಂಟಿ ಎಲ್ಲಿದಾರೆ?” ಎಂದ ಅವನು. ಕುರ್ಚಿ ಎಳೆದು ಅವಳನ್ನು ಅವನ ಪಕ್ಕ ಕೂರಿಸಿದರು.

ಹಾಸ್ಟೆಲಿನಲ್ಲಿ ನೀರಿರಲಿಲ್ಲ. ಟ್ಯಾಂಕು ತುಂಬಿದೆ, ನೀವೇ ಪೋಲು ಮಾಡುತ್ತಿದ್ದೀರಿ ಎಂದು ವಾರ್ಡನ್ ವಾದ. ಸಿಡಿಲಮರಿ ಒಂದು ತಟ್ಟೆ, ಒಂದು ಸೌಟು ಹಿಡಿದು ಏಣಿ ಹತ್ತಿ ಟ್ಯಾಂಕಿನ ಒಳಗೇ ಇಳಿದಳು. ಬರಿದಾದ ತಳದಲ್ಲಿ ನಿಂತು ತಟ್ಟೆ ಬಾರಿಸಿದಳು. ಆ ಸದ್ದಿಗೆ ಪಾಠ ನಿಂತು ಕಾಲೇಜಿಗೆ ಕಾಲೇಜೇ ಹೊರಗೆ ಬಂತು.

“ನೀವೆಲ್ಲಿದ್ರಿ?”

“ಕೆಳಗೆ. ಏಣಿ ಹಿಡ್ಕೊಂಡು ಗಡಗಡ ನಡುಗ್ತಿದ್ದೆ.”

“ಇಳಿದ್ಮೇಲೆ ಏನಂದ್ಲು?”

“ಏಣಿ ಅಲ್ಲಾಡಿಸಿದ್ದಕ್ಕೆ ನಂಗೇ ಬೈದ್ಲು, ಇನ್ನೇನು!”

ಅವನು ಬಿದ್ದು ಬಿದ್ದು ನಕ್ಕ. ನಗುತ್ತಲೇ ಕೈ ಚಾಚಿ ಅವಳ ಮೊಣಕೈ ಹಿಡಿದುಕೊಂಡ, ಬಿಡಲಿಲ್ಲ.

ದೊಡ್ಡಮ್ಮ ಆಮೇಲೆ ಹೆಚ್ಚು ಕಾಲ ಇರಲಿಲ್ಲ. ಇರುವಷ್ಟು ದಿನ ಅವನು ನ್ಯಾಯಾಲಯದಿಂದ ಮನೆಗೆ ಹೋಗುವ ಹಾದಿಯಲ್ಲಿ ಅಂಗಡಿಗೆ ಬರುತ್ತಿದ್ದ. ಅವಳು ಅವನಿಗೆ ಪತ್ರಿಕೆ ಓದಿ ಹೇಳುತ್ತಿದ್ದಳು, ಗಿರಾಕಿ ಬಂದರೆ ನಿಲ್ಲಿಸಿ, ಹೋದ ಮೇಲೆ ಬಿಟ್ಟ ಸಾಲಿನಿಂದ ಮತ್ತೆ ಹಿಡಿದು.